ಮುಂಬಯಿ ಕನ್ನಡಿಗರ ಹಳೇ ಕಾಗದ, ಫೋಟೋ, ಕ್ಯಾಸೆಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಏನಿದು? ಎರಡು ಮಾತಲ್ಲಿ ಹೇಳಿ.

ಮುಂಬಯಿಯ ಕನ್ನಡದ ಮನೆಗಳಲ್ಲಿ, ಸಂಘಗಳ ಕಪಾಟಿನಲ್ಲಿ, ಹೋಟೆಲುಗಳ ಅಟ್ಟದಲ್ಲಿ ಬಿದ್ದಿರುವ ಹಳೇ ಕಾಗದ, ಫೋಟೋ, ಕ್ಯಾಸೆಟ್ಟುಗಳ ಡಿಜಿಟಲ್ ಪ್ರತಿ ಮಾಡಿ, ಯಾರದ್ದು, ಎಲ್ಲಿಯದ್ದು, ಯಾವಾಗಿನದ್ದು ಅಂತ ಬರೆದು, ಎಲ್ಲರಿಗೂ ಸಿಗುವ ಹಾಗೆ ಎಲ್ಲರೂ ಹಂಚಿಕೊಳ್ಳುವ ಒಂದು ಭಂಡಾರದಲ್ಲಿ ಇಡುತ್ತೇವೆ. ಅಷ್ಟೇ. ಮೂಲ ವಸ್ತು ನಮಗೆ ಬೇಡ, ಅದು ನಿಮ್ಮ ಮನೆಯಲ್ಲೇ ಇರಲಿ. ನಮಗೆ ಬೇಕಾದದ್ದು ಅದರ ಪ್ರತಿ ಮತ್ತು ಅದರ ಬಗ್ಗೆ ನಿಮಗೆ ಗೊತ್ತಿರುವ ವಿಷಯ. ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾವು ಎರಡನೆಯದನ್ನೇ ಕೇಳುತ್ತೇವೆ. ಸ್ಕ್ಯಾನ್ ನಾಳೆಯೂ ಮಾಡಬಹುದು, ಫೋಟೋದಲ್ಲಿರುವವರ ಹೆಸರು ಹೇಳಬಲ್ಲ ದೊಡ್ಡಮ್ಮ ನಾಳೆ ಇರುತ್ತಾರೆ ಅಂತ ಹೇಳಲು ಬರುವುದಿಲ್ಲ.

ಅದಕ್ಕೆಲ್ಲ ಸಂಘಗಳು ಇವೆಯಲ್ಲ? ಅವರ ಹತ್ತಿರವೇ ಇರುತ್ತದಲ್ಲ?

ಇರುತ್ತದೆ, ಒಂದಷ್ಟು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಮೈಸೂರು ಅಸೋಸಿಯೇಷನ್ 1926, ಬಂಟರ ಸಂಘ 1927, ಕರ್ನಾಟಕ ಸಂಘ 1933. ಇಂಥ ದೊಡ್ಡ ಸಂಘಗಳ ಸ್ಮರಣ ಸಂಚಿಕೆಗಳು ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತವೆ. ಸಿಗದೇ ಹೋಗುವುದು ಚಿಕ್ಕವು. ರಾತ್ರಿ ಶಾಲೆಯ ಹಾಜರಿ ಪುಸ್ತಕ, ಚಾಳಿನ ಭಜನಾ ಮಂಡಳಿಯ ಲೆಕ್ಕದ ವಹಿ, ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗ ಊರಿಗೆ ಕಳಿಸಿದ ಮನಿಯಾರ್ಡರಿನ ರಸೀದಿ. ಇವಕ್ಕೆ ಸಂಘದ ಕಪಾಟೂ ಇಲ್ಲ, ಅಧ್ಯಕ್ಷರೂ ಇಲ್ಲ. ಹಂಚಿಕೊಂಡ ಭಂಡಾರ ಅಂದರೆ ಇದೇ: ವಸ್ತು ಅವರವರ ಹತ್ತಿರ, ಪಟ್ಟಿ ಎಲ್ಲರಿಗೂ ಒಂದೇ.

ಇಷ್ಟು ಅವಸರ ಏನು?

ಮುಂಬಯಿ ಕಾಗದಕ್ಕೆ ಒಳ್ಳೆಯ ಊರಲ್ಲ. ಮಳೆಗಾಲದ ನಾಲ್ಕು ತಿಂಗಳು ತೇವ, ಆಮೇಲೆ ಬೂಷ್ಟು, ಅದರ ಮೇಲೆ ಗೆದ್ದಲು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆವತ್ತು ನೆಲಮಹಡಿಯ ಮನೆಗಳಲ್ಲಿ ಮಂಚದ ಕೆಳಗಿದ್ದ ಟ್ರಂಕುಗಳ ಗತಿ ಏನಾಯಿತು ಅಂತ ಯೋಚಿಸಿ. ಅದಕ್ಕಿಂತ ದೊಡ್ಡ ಕಾಟ ಈಗ ರೀಡೆವಲಪ್‌ಮೆಂಟು. ಕಟ್ಟಡ ಖಾಲಿ ಮಾಡಿ ಅಂತ ನೋಟಿಸು ಬರುತ್ತದೆ, ಬಾಡಿಗೆ ಮನೆ ಚಿಕ್ಕದು, ಅಟ್ಟದ ಮೇಲಿದ್ದದ್ದೆಲ್ಲ ಇಳಿಯುತ್ತದೆ, ಯಾರಿಗೂ ಒಂದೊಂದೇ ತೆಗೆದು ನೋಡುವ ಪುರುಸೊತ್ತಿಲ್ಲ, ಸಂಜೆಯೊಳಗೆ ರದ್ದಿಯವನ ತಕ್ಕಡಿಗೆ ಹೋಗಿರುತ್ತದೆ. ಕಿಲೋ ಲೆಕ್ಕದಲ್ಲಿ. ಶಿಫ್ಟ್ ಮಾಡುವ ತಾರೀಖು ಗೊತ್ತಾದ ಕೂಡಲೇ ನಮಗೊಂದು ಮಾತು ತಿಳಿಸಿ, ಬಂದು ಅಲ್ಲೇ ಕೂತು ಫೋಟೋ ಹೊಡೆದುಕೊಂಡು ಹೋಗುತ್ತೇವೆ.

ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ. ಏನು ಕೊಡುವುದು?

ಎಲ್ಲರೂ ಮೊದಲು ಹೇಳುವುದು ಇದನ್ನೇ. ಆಮೇಲೆ ಒಂದು ಚಹಾ ಮುಗಿಯುವಷ್ಟರಲ್ಲಿ ಕಪಾಟಿನಿಂದ ಏನಾದರೂ ಹೊರಗೆ ಬರುತ್ತದೆ. ಮದುವೆ ಕಾಗದ, ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನ) ಆಮಂತ್ರಣ, ನಾಟಕದ ಟಿಕೆಟು, ರಾತ್ರಿ ಶಾಲೆಯ ಮಾರ್ಕ್ಸ್ ಕಾರ್ಡು, ಮುನಿಸಿಪಾಲಿಟಿಯ ಕನ್ನಡ ಶಾಲೆಯ ಗ್ರೂಪ್ ಫೋಟೋ, ಹೋಟೆಲಿನ ಬಿಲ್ಲು, ತಿಂಡಿಯ ದರಪಟ್ಟಿ, ಊರಿಂದ ಬಂದ ಇನ್‌ಲ್ಯಾಂಡ್ ಲೆಟರು, ಅಯ್ಯಪ್ಪ ಪೂಜೆಯ ಕರಪತ್ರ, ಮನೆಯಲ್ಲೇ ರೆಕಾರ್ಡ್ ಮಾಡಿದ ಭಜನೆಯ ಕ್ಯಾಸೆಟ್ಟು, ಅಮ್ಮನ ಅಡುಗೆ ಬರೆದಿಟ್ಟ ನೋಟ್‌ಬುಕ್ಕು. ದೊಡ್ಡವರ ಜೊತೆ ನಿಂತು ತೆಗೆಸಿಕೊಂಡ ಫೋಟೋ ಜಾಸ್ತಿ ಬರುತ್ತವೆ, ಅವೂ ಇರಲಿ. ಆದರೆ ನಮಗೆ ಅಡುಗೆಮನೆಯ ಒಳಗಿನ ಫೋಟೋ ಸಿಕ್ಕರೆ ಜಾಸ್ತಿ ಖುಷಿ. ಮಾಟುಂಗದ ರಾಮಾ ನಾಯಕರ ಬೋರ್ಡಿಂಗು 1942ರಿಂದ ಇದೆ, ಅಲ್ಲಿ ಉಂಡವರು ಲೆಕ್ಕವಿಲ್ಲ. ಇಂಥ ಹೋಟೆಲುಗಳ ಹಿಂದಿನ ಬಾಗಿಲಲ್ಲಿ ತರಕಾರಿ ಹೆಚ್ಚುತ್ತಿದ್ದವರ, ರಾತ್ರಿ ಬೆಂಚಿನ ಮೇಲೇ ಮಲಗುತ್ತಿದ್ದವರ ಚಿತ್ರ ಎಷ್ಟು ಮನೆಯಲ್ಲಿದೆ, ಹೇಳಿ?

ಆಮಂತ್ರಣ ಪತ್ರಿಕೆಯಲ್ಲಿ ಇಸವಿಯೇ ಇಲ್ಲ. ಕಾಲ ಕಂಡುಹಿಡಿಯುವುದು ಹೇಗೆ?

ಇದು ನಮ್ಮ ಇಷ್ಟದ ಪ್ರಶ್ನೆ. ಆಮಂತ್ರಣದಲ್ಲಿ "ದಿನಾಂಕ 14 ಶನಿವಾರ ರಾತ್ರಿ 9-30ಕ್ಕೆ" ಅಂತ ಮಾತ್ರ ಇರುತ್ತದೆ, ಇಸವಿ ಹಾಕುವ ಯೋಚನೆ ಯಾರಿಗೂ ಬಂದಿರುವುದಿಲ್ಲ. ಆ ವಾರದ ಕಾರ್ಯಕ್ರಮಕ್ಕೆ ಇಸವಿ ಯಾಕೆ ಬೇಕು, ಅಲ್ವಾ? ಆದರೆ ಕಾಗದ ಬೇರೆ ಕಡೆಯಿಂದ ಬಾಯಿ ಬಿಡುತ್ತದೆ.

ಮೊದಲು ವಿಳಾಸ ನೋಡಿ. "ಮುಂಬಯಿ-19" ಅಂತಿದ್ದರೆ ಬಹುಮಟ್ಟಿಗೆ 1972ಕ್ಕಿಂತ ಹಿಂದಿನದು. ಆರಂಕಿಯ ಪಿನ್ ಕೋಡು ಬಂದದ್ದು ಆ ವರ್ಷದ ಆಗಸ್ಟ್ 15ರಂದು, ಆಮೇಲೆ ಮಾಟುಂಗ 400 019 ಆಯಿತು. ಹಳೇ ಅಭ್ಯಾಸದವರು ಆಮೇಲೂ ಬರೀ 19 ಅಂತ ಹಾಕುತ್ತಿದ್ದರು, ಹಾಗಾಗಿ ಇದೊಂದನ್ನೇ ನಂಬಬೇಡಿ. ಪಿನ್ ಕೋಡು ಇದ್ದರೆ ಮಾತ್ರ 1972ರ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದು. ಊರಿನ ವಿಳಾಸದಲ್ಲಿ "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರಿಗಿಂತ ಹಿಂದೆ ಇರಬೇಕು, ಆವಾಗಲೇ ಕರ್ನಾಟಕ ಅಂತ ಹೆಸರಾದದ್ದು. "ಉಡುಪಿ ಜಿಲ್ಲೆ" ಅಂತ ಕಂಡರೆ 1997ರ ನಂತರ, ಅದಕ್ಕೂ ಮೊದಲು ಎಲ್ಲವೂ ದ.ಕ., ಅಂದರೆ ದಕ್ಷಿಣ ಕನ್ನಡ. ಕೆಳಗೆ ಇಂಗ್ಲಿಷಿನಲ್ಲಿ ಬಾಂಬೆ ಅಂತಿದೆಯೋ ಮುಂಬಯಿ ಅಂತಿದೆಯೋ ನೋಡಿ, ಅಧಿಕೃತವಾಗಿ ಬದಲಾದದ್ದು 1995ರಲ್ಲಿ. ಕನ್ನಡದ ಸಾಲಿನಿಂದ ಇದು ಗೊತ್ತಾಗುವುದಿಲ್ಲ, ನಾವು ಮೊದಲಿಂದಲೂ ಮುಂಬಯಿ ಅಂತಲೇ ಬರೆದವರು.

ಟಿಕೆಟಿನ ದರ ಆಣೆಯಲ್ಲಿ ಅಚ್ಚಾಗಿದ್ದರೆ 1957ರ ಆಚೀಚೆ ಅಥವಾ ಅದಕ್ಕೂ ಹಿಂದೆ. "ನ.ಪೈ." ಅಂತಿದ್ದರೆ ಲಾಟರಿ ಹೊಡೆದ ಹಾಗೆ, ಯಾಕೆಂದರೆ ನಯಾ ಪೈಸೆ ಅನ್ನುವ ಹೆಸರು ಇದ್ದದ್ದು 1957ರಿಂದ 1964ರ ತನಕ ಮಾತ್ರ.

ಸಂವತ್ಸರದ ಹೆಸರಿದ್ದರೆ ಇನ್ನೂ ಚೆನ್ನ. "ರಾಕ್ಷಸ ಸಂವತ್ಸರ" ಅಂದರೆ 1975ರ ಯುಗಾದಿಯಿಂದ 1976ರ ಯುಗಾದಿ ತನಕ. ಎಮರ್ಜೆನ್ಸಿ ಹೇರಿದ್ದೂ ಅದೇ ಸಂವತ್ಸರದಲ್ಲಿ, ಹೆಸರು ಇಟ್ಟವರನ್ನು ಮೆಚ್ಚಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುವುದರಿಂದ 1915 ಕೂಡ ಆಗಬಹುದು, ಆದರೆ ಕಾಗದ, ಅಚ್ಚು, ಫೋನ್ ನಂಬರು ನೋಡಿದರೆ ಆ ಗೊಂದಲ ಉಳಿಯುವುದಿಲ್ಲ. ಶಾಲಿವಾಹನ ಶಕೆ ಕೊಟ್ಟಿದ್ದರೆ 78 ಕೂಡಿಸಿ, ಜನವರಿಯಿಂದ ಯುಗಾದಿಯೊಳಗಿನದ್ದಾದರೆ 79. ಕೊನೆಗೆ ತಾರೀಖು ಮತ್ತು ವಾರ ಹೊಂದುವ ವರ್ಷಗಳನ್ನು ಹಳೇ ಕ್ಯಾಲೆಂಡರಿನಲ್ಲಿ ಹುಡುಕಿ. 14ನೇ ತಾರೀಖು ಶನಿವಾರ, ತಿಂಗಳು ಡಿಸೆಂಬರು, ಸಂವತ್ಸರ ಆನಂದ ಅಂದರೆ 1974. ಮುಗಿಯಿತು.

ಹೀಗೆ ಲೆಕ್ಕ ಹಾಕಿ ತೆಗೆದ ಇಸವಿಯ ಪಕ್ಕದಲ್ಲಿ "ಅಂದಾಜು" ಅಂತ ಬರೆದು, ಯಾವ ಆಧಾರದ ಮೇಲೆ ಅಂತಲೂ ಹಾಕುತ್ತೇವೆ. ಹಿಂದಿನ ಪುಟದ ಜಾಹೀರಾತನ್ನು ಮಾತ್ರ ಬಿಡಬೇಡಿ. ಯಾವ ಗಲ್ಲಿಯಲ್ಲಿ ಯಾವ ಹೋಟೆಲು, ಯಾವ ಟೈಲರು, ಯಾವ ಪ್ರೆಸ್ಸು ಇತ್ತು ಅನ್ನುವುದು ಇವತ್ತು ಉಳಿದಿರುವುದು ಆ ಪುಟದಲ್ಲೇ.

ಗ್ರೂಪ್ ಫೋಟೋದಲ್ಲಿ ನಲವತ್ತು ಜನ, ಒಬ್ಬರದ್ದೂ ಹೆಸರು ಗೊತ್ತಿಲ್ಲ. ಪ್ರಯೋಜನ ಇದೆಯಾ?

ಇದೆ, ಆದರೆ ಸ್ವಲ್ಪ ಓಡಾಡಬೇಕು. ಫೋಟೋದ ದೊಡ್ಡ ಪ್ರಿಂಟ್ ತೆಗೆಸಿ. ಕೂತವರ ಸಾಲು, ನಿಂತವರ ಸಾಲು, ಹಿಂದೆ ಬೆಂಚಿನ ಮೇಲೆ ಹತ್ತಿದವರ ಸಾಲು ಅಂತ ವಿಂಗಡಿಸಿ ಪ್ರತಿ ತಲೆಗೂ ಪೆನ್ಸಿಲಿನಲ್ಲಿ ನಂಬರು ಹಾಕಿ. ಅದನ್ನು ಹಿರಿಯರ ಹತ್ತಿರ ಒಯ್ಯಿರಿ. ಮೊಬೈಲಿನಲ್ಲಿ ತೋರಿಸಬೇಡಿ, ಅವರು ಕನ್ನಡಕ ಹುಡುಕುವಷ್ಟರಲ್ಲಿ ಸ್ಕ್ರೀನು ಆರಿಹೋಗಿರುತ್ತದೆ. ಕಾಗದ ಕೈಗೆ ಕೊಟ್ಟರೆ ಬೆರಳಿಟ್ಟು ಹೇಳುತ್ತಾರೆ: "ಇವ ನಮ್ಮ ಕ್ಯಾಂಟೀನಿನ ಸುಧಾಕರ, ಇವನ ಪಕ್ಕದವ ಮಾಸ್ತರು, ಆಮೇಲೆ ಡೊಂಬಿವಲಿಗೆ ಹೋದ್ರು." ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರೆದುಕೊಳ್ಳಿ, ಯಾರು ಹೇಳಿದರು, ಯಾವತ್ತು ಅಂತಲೂ ಬರೆಯಿರಿ. ಇಬ್ಬರು ಹಿರಿಯರು ಒಂದೇ ಮುಖಕ್ಕೆ ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಇಡಿ, ನೀವು ತೀರ್ಪು ಕೊಡಬೇಡಿ. ಅದೃಷ್ಟ ಇದ್ದರೆ ಫೋಟೋದ ಹಿಂದೆ ಸ್ಟುಡಿಯೋದ ರಬ್ಬರ್ ಸೀಲು ಇರುತ್ತದೆ, ಹಾಗಾಗಿ ಹಿಂದುಗಡೆಯನ್ನೂ ಸ್ಕ್ಯಾನ್ ಮಾಡಿ.

ಎಐ ಆ್ಯಪಿನಲ್ಲಿ ಫೋಟೋ ಚೆನ್ನಾಗಿ ಕಾಣುವ ಹಾಗೆ, ಕಲರ್ ಮಾಡಿ ಕಳಿಸಲಾ?

ಬೇಡ. ಆ ಆ್ಯಪುಗಳು ಕಾಣದ ಕಣ್ಣು ಮೂಗನ್ನು ತಾವೇ ಊಹಿಸಿ ಬರೆಯುತ್ತವೆ. ನೋಡಲು ಚೆಂದ, ಆದರೆ ಅದು ನಿಮ್ಮ ಅಜ್ಜನ ಮುಖವಲ್ಲ. ಮನೆಯಲ್ಲಿ ಫ್ರೇಮ್ ಹಾಕಿಸಲು ಏನು ಬೇಕಾದರೂ ಮಾಡಿಕೊಳ್ಳಿ, ನಮಗೆ ಕಲೆ, ಗೀರು, ಮಡಿಕೆ ಸಮೇತ ಹೇಗಿದೆಯೋ ಹಾಗೇ ಕಳಿಸಿ.

ಸ್ಕ್ಯಾನರ್ ಇಲ್ಲ. ಮೊಬೈಲ್ ಸಾಕಾ?

ಕಾಗದಕ್ಕೆ ಸಾಕು. ಬೆಳಗ್ಗೆ ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ, ನೆಲದ ಮೇಲೆ ಸಪಾಟಾಗಿ ಇಟ್ಟು ಮೇಲಿಂದ ತೆಗೆಯಿರಿ. ಫ್ಲಾಶ್ ಬೇಡ. ನಾಲ್ಕೂ ಅಂಚು ಕಾಣಬೇಕು. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟರೆ ಅಳತೆಯೂ ಗೊತ್ತಾಗುತ್ತದೆ. ಫೋಟೋಗಳಿಗೆ ಮಾತ್ರ ಸ್ಕ್ಯಾನರೇ ವಾಸಿ, 600 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಇಟ್ಟು ಟಿಫ್ ಫೈಲಾಗಿ ಉಳಿಸಿ. ಎ4 ಅಳತೆಯ ಒಂದು ಪುಟ ಹಾಗೆ ಮಾಡಿದರೆ ಸುಮಾರು 100 ಎಂಬಿ ಆಗುತ್ತದೆ, ಗಾಬರಿ ಆಗಬೇಡಿ. ಬರೀ ಅಕ್ಷರ ಇರುವ ಪುಟಕ್ಕೆ 300 ಸಾಕು, ಅದು 25 ಎಂಬಿ ಆಸುಪಾಸು.

ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿಬಿಡುತ್ತದೆ.

ಆಲ್ಬಮ್ಮಿನಿಂದ ಫೋಟೋ ಕೀಳಬೇಕಾ?

ಖಂಡಿತ ಬೇಡ. ಕಪ್ಪು ಹಾಳೆಯ ಹಳೇ ಆಲ್ಬಮ್ಮಿನಲ್ಲಿ ಮೂಲೆಗೆ ಸಿಕ್ಕಿಸಿದ್ದರೆ ನಿಧಾನವಾಗಿ ತೆಗೆಯಬಹುದು, ಅಂಟಿಸಿದ್ದರೆ ಮುಟ್ಟಲೇಬೇಡಿ. ಮೊದಲು ಇಡೀ ಪುಟದ, ಆಮೇಲೆ ಒಂದೊಂದೇ ಫೋಟೋದ ಪ್ರತಿ ಮಾಡಿ. ಯಾವ ಫೋಟೋ ಪಕ್ಕ ಯಾವುದಿತ್ತು ಅನ್ನುವುದೂ ಒಂದು ಸುಳಿವು. ಸೆಲ್ಲೋಟೇಪು, ಲ್ಯಾಮಿನೇಷನ್ ಎರಡರ ತಂಟೆಗೂ ಹೋಗಬೇಡಿ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸದೆ, ಫ್ಯಾನಿನ ಗಾಳಿಗೆ ಒಣಗಿಸಿ ಮೆತ್ತಗಿನ ಬ್ರಷ್ಷಿನಲ್ಲಿ ಕೊಡವಿ, ಮೂಗಿಗೆ ಮಾಸ್ಕ್ ಇರಲಿ.

ತಾಳಮದ್ದಳೆಯ ಕ್ಯಾಸೆಟ್ಟುಗಳು ರಾಶಿ ಇವೆ. ಏನು ಮಾಡಲಿ?

ಹಳೇ ಟೇಪ್ ರೆಕಾರ್ಡರಿಗೆ ತಟ್ಟನೆ ಹಾಕಬೇಡಿ. ಫೆಲ್ಟ್ ಪ್ಯಾಡು (ಟೇಪನ್ನು ಹೆಡ್ಡಿಗೆ ಒತ್ತುವ ಮೆತ್ತೆ) ಕಿತ್ತಿದೆಯಾ, ಟೇಪಿನ ಮೇಲೆ ಬಿಳಿ ಪುಡಿ ಇದೆಯಾ ನೋಡಿ. ಪುಡಿ ಇದ್ದರೆ ಅದು ಬೂಷ್ಟು, ಒಮ್ಮೆ ಪ್ಲೇ ಮಾಡಿದರೆ ಹೆಡ್ಡಿಗೂ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಚೆನ್ನಾಗಿದ್ದರೆ ಹೆಡ್ ಸ್ವಚ್ಛ ಮಾಡಿದ ಡೆಕ್ಕಿನಿಂದ ಕಂಪ್ಯೂಟರಿಗೆ 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲು. ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ. ಎಂಪಿ3 ಆಮೇಲೆ ಅದರಿಂದ ಮಾಡಿಕೊಳ್ಳಬಹುದು, ಎಂಪಿ3ಯಿಂದ ವಾಪಸ್ ಬರಲು ಆಗುವುದಿಲ್ಲ. ಮಧ್ಯದಲ್ಲಿ ಕೆಮ್ಮು, ಚಹಾದ ಲೋಟದ ಸದ್ದು, "ಮೈಕ್ ಸರಿ ಮಾಡಿ ಮಾರಾಯ್ರೆ" ಅನ್ನುವುದು ಬಂದರೆ ಕತ್ತರಿಸಬೇಡಿ.

ಭಾಗವತರು ಯಾರು, ಮದ್ದಳೆ ಯಾರು, ಯಾವ ಪ್ರಸಂಗ, ಅರ್ಥ ಹೇಳಿದವರು ಯಾರು, ಯಾವ ಸಭಾಂಗಣ. ಇವಿಷ್ಟು ಕ್ಯಾಸೆಟ್ಟಿನ ಕಾಗದದ ಮೇಲೆ ಇಲ್ಲದಿದ್ದರೆ ಕೇಳಿ ಗುರುತಿಸುವವರು ಮುಂಬಯಿಯಲ್ಲಿ ಇನ್ನೂ ಇದ್ದಾರೆ. ಸ್ವರ ಕೇಳಿಯೇ ಹೇಳುತ್ತಾರೆ.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು ಕಳಿಸಬೇಡಿ, ಅದರ ಹಕ್ಕು ಕಂಪನಿಯದ್ದು. ಯಕ್ಷಗಾನದ ಪ್ರಸಂಗ ಪುಸ್ತಕಗಳನ್ನು ಡಿಜಿಟಲ್ ಮಾಡುವ ಕೆಲಸವನ್ನು ಯಕ್ಷವಾಹಿನಿ ಸಂಸ್ಥೆಯವರು ಆಗಲೇ ಮಾಡುತ್ತಿದ್ದಾರೆ, ಅಲ್ಲಿ ಇಲ್ಲದ್ದು ನಿಮ್ಮಲ್ಲಿದ್ದರೆ ಅವರಿಗೂ ತಿಳಿಸಿ. ಒಂದೇ ಕೆಲಸ ಎರಡು ಕಡೆ ಮಾಡುವಷ್ಟು ಜನ ನಮ್ಮಲ್ಲಿಲ್ಲ.

ಕಾಪಿರೈಟ್ ತೊಂದರೆ ಬರುವುದಿಲ್ಲವಾ?

ನೋಡಿಕೊಂಡು ಮಾಡಿದರೆ ಇಲ್ಲ. 1957ರ ಕಾಯ್ದೆ ಪ್ರಕಾರ ಬರಹದ ಹಕ್ಕು ಲೇಖಕರು ತೀರಿಹೋದ ಮರುವರ್ಷದಿಂದ 60 ವರ್ಷ ಇರುತ್ತದೆ. ಫೋಟೋಗೆ ಮೊದಲು ಪ್ರಕಟವಾದ ಮರುವರ್ಷದಿಂದ 60 ವರ್ಷ ಇತ್ತು, 2012ರ ತಿದ್ದುಪಡಿಯ ನಂತರ ಅದಕ್ಕೂ ತೆಗೆದವರು ತೀರಿಹೋದ ಮರುವರ್ಷದಿಂದ 60 ವರ್ಷ. ಎರಡು ವಿಷಯದಲ್ಲಿ ಜನ ತಪ್ಪು ತಿಳಿದಿರುತ್ತಾರೆ. ಒಂದು, ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ತೆಗೆಸಿದವರದ್ದು, ಸ್ಟುಡಿಯೋದ್ದಲ್ಲ. ಇನ್ನೊಂದು, ಪತ್ರ. ಕಾಗದ ನಿಮ್ಮ ಕೈಯಲ್ಲಿದ್ದರೂ ಅದರ ಮಾತಿನ ಹಕ್ಕು ಬರೆದವರದ್ದು ಮತ್ತು ಅವರ ವಾರಸುದಾರರದ್ದು. ಹಾಗಾಗಿ ಹೆಸರಾಂತ ಸಾಹಿತಿ ನಿಮ್ಮ ತಂದೆಗೆ ಬರೆದ ಪತ್ರ ಇದ್ದರೆ ಸ್ಕ್ಯಾನ್ ಮಾಡಿ ಇಡುತ್ತೇವೆ, ಆದರೆ ಆ ಮನೆಯವರನ್ನು ಕೇಳದೆ ಎಲ್ಲರಿಗೂ ತೆರೆಯುವುದಿಲ್ಲ.

ಅಜ್ಜನ ಪತ್ರಗಳಲ್ಲಿ ಆಸ್ತಿ ಜಗಳ, ಸಾಲದ ವಿಷಯ ಎಲ್ಲಾ ಇದೆ…

ಇರಲಿ. ಯಾರ ಮನೆಯಲ್ಲಿಲ್ಲ? ನಿಮಗೆ ಮೂರು ದಾರಿ ಕೊಡುತ್ತೇವೆ. ಎಲ್ಲರಿಗೂ ತೆರೆದಿಡಿ ಅನ್ನಬಹುದು, ಕೇಳಿದವರಿಗೆ ನಮ್ಮನ್ನು ವಿಚಾರಿಸಿ ತೋರಿಸಿ ಅನ್ನಬಹುದು, ಅಥವಾ ಇಂಥ ವರ್ಷದ ತನಕ ಮುಚ್ಚಿಡಿ ಅಂತ ಬರೆದುಕೊಡಬಹುದು. ಆಮೇಲೆ ಮನಸ್ಸು ಬದಲಾದರೆ ಅದಕ್ಕೂ ಅಡ್ಡಿಯಿಲ್ಲ. ಬದುಕಿರುವವರ ಫೋನ್ ನಂಬರು, ಮನೆ ವಿಳಾಸ, ಜಾತಕ, ಕಾಯಿಲೆಯ ವಿಷಯ ಇದ್ದರೆ ನೀವು ಹೇಳದಿದ್ದರೂ ನಾವೇ ಮರೆಮಾಡುತ್ತೇವೆ.

ಕೋಲದ (ತುಳುನಾಡಿನ ದೈವಾರಾಧನೆ) ವಿಡಿಯೋ, ಪಾಡ್ದನದ (ತುಳುವಿನ ಹಾಡುಗತೆ) ರೆಕಾರ್ಡಿಂಗ್ ಹಾಕಬಹುದಾ?

ನಮ್ಮೊಳಗೇ ಇದಕ್ಕೆ ಜಗಳ ಇದೆ. ಪಾಡ್ದನ ಹೇಳಿದ ಅಜ್ಜಿ ಒಪ್ಪಿದರೆ ಹಾಕುತ್ತೇವೆ, ಅವರ ಹೆಸರನ್ನೇ ಮೇಲೆ ಹಾಕಿ. ಕೋಲದ ವಿಷಯದಲ್ಲಿ ಆ ಸ್ಥಾನದವರನ್ನೂ ದೈವ ಕಟ್ಟಿದವರನ್ನೂ ಕೇಳಬೇಕು, ವಿಡಿಯೋ ತೆಗೆದವರ ಒಪ್ಪಿಗೆ ಮಾತ್ರ ಸಾಲದು. ರೀಲ್ಸಿನಲ್ಲಿ ಎಲ್ಲರೂ ಹಾಕುತ್ತಾರಲ್ಲ ಅಂತೀರಿ. ಹಾಕುತ್ತಾರೆ. ನಾವು ಹಾಕುವುದಿಲ್ಲ.

ನಮ್ಮ ಮನೆ ಮಾತು ತುಳು. ಕೊಂಕಣಿಯವರೂ ಇದ್ದಾರೆ. ಕನ್ನಡದ ಭಂಡಾರದಲ್ಲಿ ನಮಗೇನು?

ಮುಂಬಯಿ ಕನ್ನಡಿಗರ ಅರ್ಧ ಮಾತು ತುಳುವಿನಲ್ಲೇ ನಡೆಯುತ್ತದೆ, ಇನ್ನು ವಿಜಯಪುರ, ಕಲಬುರಗಿ ಕಡೆಯವರ ಕನ್ನಡದಲ್ಲಿ ಮರಾಠಿ ಹದವಾಗಿ ಬೆರೆತಿರುತ್ತದೆ. ಎಲ್ಲಾ ಸೇರುತ್ತದೆ. ವಿವರ ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಹೇಳಿದ್ದು ತುಳುವಿನಲ್ಲಿದ್ದರೆ ತುಳುವಿನಲ್ಲೇ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ (ಎಲ್ಲಾ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಸೇರಿದೆ, ಆ ಲಿಪಿಯ ಓಲೆಗರಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಎಣ್ಣೆ ಹಚ್ಚುವ ಸಾಹಸ ಮಾಡದೆ ಮೊದಲು ನಮಗೆ ತೋರಿಸಿ.

ಹೆಸರುಗಳನ್ನು ಇಂಗ್ಲಿಷಿನಲ್ಲೂ ಹಾಕುತ್ತೇವೆ, ಏಕೆಂದರೆ ಇಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳು ಹುಡುಕುವುದು ಇಂಗ್ಲಿಷಿನಲ್ಲಿ. ಪೂಜಾರಿ ಅನ್ನುವುದನ್ನೇ ಮೂರು ನಾಲ್ಕು ಥರ ಬರೆಯುತ್ತಾರೆ, ಅಷ್ಟನ್ನೂ ಸೇರಿಸಬೇಕು.

ಹುಡುಕಿದರೆ ಒಳಗಿನ ಅಕ್ಷರ ಸಿಗುತ್ತಾ?

ಪುಸ್ತಕದಲ್ಲಿ ಸುಮಾರಾಗಿ ಸಿಗುತ್ತದೆ. ಟೆಸೆರಾಕ್ಟ್ ಅನ್ನುವ ಉಚಿತ ತಂತ್ರಾಂಶ ಕನ್ನಡ ಓದುತ್ತದೆ. ಆಫ್‌ಸೆಟ್ಟಿನಲ್ಲಿ ಅಚ್ಚಾದ ಪುಟ ಪರವಾಗಿಲ್ಲ. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೇ ಪುಟದಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತದೆ, ಅರ್ಧ ಮುರಿದ ಮೊಳೆಯಲ್ಲಿ ಅಚ್ಚಾದ "ವ" ಯಾವುದು "ಪ" ಯಾವುದು ಅಂತ ನಮಗೇ ಗೊತ್ತಾಗುವುದಿಲ್ಲ. ಕೈಬರಹವನ್ನು ಕೂತು ಟೈಪ್ ಮಾಡುವುದೇ ದಾರಿ.

ಸಂಘದ ಹಳೇ ಸಂಚಿಕೆಗಳ ಡಿಟಿಪಿ ಫೈಲುಗಳಿವೆ, ತೆರೆದರೆ ಏನೇನೋ ಅಕ್ಷರ ಬರುತ್ತದೆ.

ಅದು ನುಡಿ, ಬರಹ ಅಥವಾ ಶ್ರೀಲಿಪಿಯ ಹಳೇ ಫಾಂಟಿನಲ್ಲಿ ಮಾಡಿದ್ದು. ಯೂನಿಕೋಡಿಗೆ ಬದಲಾಯಿಸುವ ಉಪಕರಣಗಳಿವೆ, ಹೆಚ್ಚುಕಮ್ಮಿ ಎಲ್ಲಾ ವಾಪಸ್ ಬರುತ್ತದೆ. ಫೈಲು ಅಳಿಸಬೇಡಿ, ಆ ಫಾಂಟು ನಿಮ್ಮ ಹಳೇ ಕಂಪ್ಯೂಟರಿನಲ್ಲಿದ್ದರೆ ಅದನ್ನೂ ಕಳಿಸಿ.

ನೀವೇ ನಾಳೆ ಬಾಗಿಲು ಹಾಕಿದರೆ?

ನ್ಯಾಯವಾದ ಅನುಮಾನ. ಅದಕ್ಕೇ ಎಲ್ಲದರ ಮೂರು ಪ್ರತಿ: ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಮುಂಬಯಿಯ ಹೊರಗೆ. ಸಿಡಿ, ಪೆನ್ ಡ್ರೈವು ನಂಬುವುದಿಲ್ಲ. ಪ್ರತಿ ಫೈಲಿಗೂ ಚೆಕ್‌ಸಮ್ ತೆಗೆದಿಡುತ್ತೇವೆ, ಅಂದರೆ ಫೈಲಿನಿಂದ ಲೆಕ್ಕ ಹಾಕಿದ ಒಂದು ಗುರುತು. ಒಂದು ಬಿಟ್ ಕೆಟ್ಟರೂ ಗುರುತು ಬದಲಾಗುತ್ತದೆ, ಆಗ ಸರಿಯಿರುವ ಪ್ರತಿಯಿಂದ ವಾಪಸ್ ಹಾಕಬಹುದು. ಎಲ್ಲರಿಗೂ ತೆರೆದದ್ದು ಇಂಟರ್ನೆಟ್ ಆರ್ಕೈವ್ ಅನ್ನುವ ಡಿಜಿಟಲ್ ಗ್ರಂಥಾಲಯದಲ್ಲೂ ಇರುತ್ತದೆ. 1996ರಿಂದ ನಡೆಯುತ್ತಿರುವ ಸಂಸ್ಥೆ, ಅಲ್ಲಿ ಇಡಲು ದುಡ್ಡು ಬೇಡ. ಮುಕ್ತ ಪರವಾನಗಿ (ಯಾರು ಬೇಕಾದರೂ ಬಳಸಲಿ ಅನ್ನುವ ಒಪ್ಪಿಗೆ) ಕೊಟ್ಟ ಫೋಟೋಗಳು ವಿಕಿಪೀಡಿಯದ ಬಳಗದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸಿಗೆ ಹೋಗುತ್ತವೆ, ಹಕ್ಕು ಮುಗಿದ ಪುಸ್ತಕಗಳನ್ನು ಅದೇ ಬಳಗದ ಪುಸ್ತಕಭಂಡಾರವಾದ ಕನ್ನಡ ವಿಕಿಸೋರ್ಸಿಗೂ ಹಾಕಬಹುದು. ವಿವರದ ಪಟ್ಟಿಯನ್ನು ಸಾದಾ ಸ್ಪ್ರೆಡ್‌ಶೀಟಾಗಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಳಿಸಿಕೊಳ್ಳಿ, ನಾವು ಜಗಳ ಆಡಿ ಬೇರೆಯಾದರೂ ಪಟ್ಟಿ ನಿಮ್ಮ ಹತ್ತಿರ ಇರುತ್ತದೆ.

ಸರಕಾರಿ ದಾಖಲೆಗಳೂ ಇಲ್ಲಿ ಸಿಗುತ್ತವಾ?

ನಮ್ಮಲ್ಲಿ ಇಲ್ಲ, ಆದರೆ ಮುಂಬಯಿಯಲ್ಲಿವೆ. 1956ರ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಆ ಕಾಲದ ಕಡತಗಳಿಗೆ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಏಷ್ಯಾಟಿಕ್ ಸೊಸೈಟಿಯವರ ಗ್ರಂಥ ಸಂಜೀವನಿ ಅನ್ನುವ ಡಿಜಿಟಲ್ ಗ್ರಂಥಾಲಯವನ್ನೂ ನೋಡಿ. ಕನ್ನಡದ ಓದಿಗೆ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ.

ಪುಣೆ, ಗೋವಾದವರು ಕಳಿಸಬಹುದಾ?

ಕಳಿಸಿ. ಮನೆಗೆ ಬಂದು ಸ್ಕ್ಯಾನ್ ಮಾಡುವುದು ಸದ್ಯ ವಸಾಯಿ, ಡೊಂಬಿವಲಿ, ಪನ್ವೆಲ್ ಒಳಗೆ ಮಾತ್ರ. 

ದುಡ್ಡು ಕೊಡಬೇಕಾ?

ಇಲ್ಲ. ಕೊಡುವ ಮನಸ್ಸಿದ್ದರೆ ಹಾರ್ಡ್ ಡಿಸ್ಕ್ ಕೊಡಿಸಿ. ಶಾಲು, ಹಾರ, ಸನ್ಮಾನ ಬೇಡ.

ನನಗೆ ಕಂಪ್ಯೂಟರ್ ಬರುವುದಿಲ್ಲ, ವಯಸ್ಸಾಯಿತು. ನಾನೇನು ಮಾಡಲಿ?

ನೀವೇ ಬೇಕಾದವರು. ಒಂದು ಮಧ್ಯಾಹ್ನ ಪುರುಸೊತ್ತು ಮಾಡಿಕೊಳ್ಳಿ, ನಾವು ರೆಕಾರ್ಡರ್ ತರುತ್ತೇವೆ. ಫ್ಯಾನು ಆರಿಸಬೇಕಾಗುತ್ತದೆ, ಸೆಕೆ ತಡೆದುಕೊಳ್ಳಿ, ಕುಕ್ಕರ್ ಮೊದಲೇ ಇಳಿಸಿಟ್ಟರೆ ಒಳ್ಳೆಯದು. ದೊಡ್ಡ ಪ್ರಶ್ನೆಗಳೇನೂ ಇಲ್ಲ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾಗುವ ಮೊದಲು ನೀವು ಊರಿಂದ ಹೇಗೆ ಬಂದಿರಿ, ಬಸ್ಸಿನಲ್ಲೋ ಆಗಬೋಟಿನಲ್ಲೋ (ಉಗಿಹಡಗು), ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಮೊದಲ ಸಂಬಳ ಎಷ್ಟು, ರಾತ್ರಿ ಶಾಲೆಯಲ್ಲಿ ನಿದ್ದೆ ಬಂದರೆ ಮಾಸ್ತರು ಏನು ಮಾಡುತ್ತಿದ್ದರು. ಇಂಥವೇ. ಮುಗಿದ ಮೇಲೆ ನಿಮಗೇ ಮೊದಲು ಕೇಳಿಸುತ್ತೇವೆ, ತೆಗೆಯಿರಿ ಅಂದದ್ದನ್ನು ತೆಗೆಯುತ್ತೇವೆ. ಪಕ್ಕದಲ್ಲಿ ಸೊಸೆಯೋ ಮೊಮ್ಮಗನೋ ಕೂತಿದ್ದರೆ ಒಳ್ಳೆಯದು, ನಾವು ಕೇಳಲು ಮರೆತದ್ದನ್ನು ಅವರು ಕೇಳುತ್ತಾರೆ. ಭಾನುವಾರ ಬೇಡ, ಆವತ್ತು ಎಲ್ಲಾ ಕಡೆ ಕಾರ್ಯಕ್ರಮ ಇರುತ್ತದೆ.